ಮೂಡದೆ ಉಳಿದ ಹಲ್ಲು

ಅತ್ತೆಯ ಫೋನು ಬಂದಾಗ ದಾನೇಶ್ವರಿ ಸದಾಶಿವನಗರದ ಮನೆಯಲ್ಲಿ ಒಲೆಯ ಮುಂದೆ ನಿಂತು ಚಹಾ ಸೋಸುತ್ತಿದ್ದಳು. ಖಾನಾಪುರದಿಂದ ಕಾಶವ್ವ ಫೋನು ಮಾಡುವುದೆಂದರೆ ಯುಗಾದಿಗೋ ದೀಪಾವಳಿಗೋ, ಅದೂ ತನ್ನ ಮಗ ಗೌರೀಶ ಮನೆಯಲ್ಲಿ ಇಲ್ಲದ ಹೊತ್ತು ನೋಡಿ. "ದಾನವ್ವಾ, ಇವತ್ತ ತಗೀತಾರ," ಅಂದಳು ಮುದುಕಿ, ಹೆಂಗದೀ ಅಂತಲೂ ಕೇಳದೆ. "ಹೊಳಿ ದಂಡಿ ಕುಸಕೋತ ಕುಸಕೋತ ಕೂಸಿನ ಕುಣಿ ಬಾಜೂಕ ಬಂದೈತಿ. ಇನ್ನೊಂದ ಮಳಿಗಾಲ ಹಿಡದರ ಅಂವಾ ಹೊಳಿ ಪಾಲ. ಮ್ಯಾಲಿನ ಹೊಲದಾಗ ಇಡೂಣು ಅಂತ ಗೌರೀಶ ಅಯ್ಯನೋರ್ನ ಕೇಳ್ಯಾನ, ಕೇಳಬೇಕಾದವರನ್ನೆಲ್ಲಾ ಕೇಳ್ಯಾನ. ನಿನಗ ಹೇಳಬ್ಯಾಡ ಅಂದಾನ. ನಾ ಹೇಳದ ಹೆಂಗ ಇರ್ಲೆವಾ?" ದಾನೇಶ್ವರಿ ಹೂಂ ಅಂದಳು. "ಹೂಂ ಅಂದ್ರ ಬರ್ತೀಯೇನ?" ಅಂತ ಅತ್ತೆ ಕೇಳಿದಾಗ, "ನಂದು ಮುಂಜಾನಿ ಕ್ಲಾಸ್ ಐತ್ರಿ ಅತ್ತಿ," ಅಂದುಬಿಟ್ಟಳು. ಅಂದ ಮೇಲೆ ಆ ಮಾತು ತನ್ನ ಕಿವಿಗೇ ಬಿತ್ತು. ಮಗನನ್ನು ಮಣ್ಣಿನಿಂದ ಎತ್ತುವ ದಿನ ತಾಯಿಗೆ ಕ್ಲಾಸು. ಆ ಕಡೆ ಕಾಶವ್ವ, "ನಿನ್ನ ಅನುಕೂಲ ನೋಡವಾ," ಅಂದು ಫೋನು ಇಟ್ಟಳು. ಒಂದಿಷ್ಟು ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು ದಾನೇಶ್ವರಿಗೆ. ಬೈಸಿಕೊಂಡು ಹಗುರಾಗುವ ಭಾಗ್ಯವನ್ನೂ ಆ ಮನೆ ತನಗೆ ಕೊಡುವುದಿಲ್ಲ ಎಂದು ಅವಳು, ಆರಿದ ಚಹಾವನ್ನು ಸಿಂಕಿಗೆ ಚೆಲ್ಲಿ, ಸೀರೆಯ ನೆರಿಗೆ ಹಿಡಿಯುವಾಗ ಅಂದುಕೊಂಡಳು. ನೆರಿಗೆ ಮೂರು ಸಲ ಕೈತಪ್ಪಿತು.

ಕ್ಲಾಸನ್ನು ಬಿಡಬಹುದಿತ್ತು. ಯಾರೂ ಕೇಳುತ್ತಿರಲಿಲ್ಲ. ದಂತ ಕಾಲೇಜಿನಲ್ಲಿ ಮೊದಲ ವರ್ಷದ ಮಕ್ಕಳಿಗೆ ಹಲ್ಲಿನ ರಚನೆ ಕಲಿಸುವುದು ಅವಳ ಕೆಲಸ. ಅದರಲ್ಲಿ ಮುಂದಿನ ಹಲ್ಲುಗಳ ಪಾಠವನ್ನು ಮಾತ್ರ ಅವಳು ವರ್ಷಗಳಿಂದ ಮಾಡಿರಲಿಲ್ಲ. ಜೊತೆಯ ಪ್ರಸಾದ ಸರ್ ಹತ್ತಿರ, "ನೀವು ಮುಂದಿನವು ತಗೋರಿ, ನಾ ದವಡಿಯವು ತಗೋತೀನಿ," ಅಂತ ಹೇಗೋ ಅದಲುಬದಲು ಮಾಡಿಕೊಂಡಿದ್ದಳು. ಅವರು ಕಾರಣ ಕೇಳಿರಲಿಲ್ಲ, ಕೇಳದೆಯೇ ತಿಳಿದಿದ್ದರು. ಈ ವರ್ಷ ಅವರಿಗೆ ಬೆನ್ನಿನ ಆಪರೇಶನ್ ಆಗಿ, ಆ ಪಾಠ ತಿರುಗಿ ಇವಳ ಪಾಲಿಗೆ, ಅದೂ ಇಂಥ ದಿನಕ್ಕೆ ಬಂದಿತ್ತು. ಬಿಟ್ಟು ಹೋದರೆ ಖಾನಾಪುರಕ್ಕೆ ಬೇಗ ಮುಟ್ಟಬೇಕಾಗುತ್ತದೆ. ಆ ಅಂಜಿಕೆಯೇ ಅವಳನ್ನು ಕ್ಲಾಸಿಗೆ ದಬ್ಬಿತು. ಅಂಗೈ ತುಂಬುವಷ್ಟು ದೊಡ್ಡ ಪ್ಲಾಸ್ಟರಿನ ಹಲ್ಲೊಂದನ್ನು ಎತ್ತಿ ಹಿಡಿದು ಅವಳು ಹೇಳತೊಡಗಿದಳು: ಇದು ಬಾಚಿಹಲ್ಲು; ಬಾಚಿಯ ಹಾಗೆ ಅಂಚಿದೆ, ಕತ್ತರಿಸುವುದು ಇದರ ಕೆಲಸ. ಮೇಲೆ ನಾಲ್ಕು, ಕೆಳಗೆ ನಾಲ್ಕು. ಮೂಗಿನ ನೇರಕ್ಕೆ ಒಂದು ಗೆರೆ ಎಳೆದರೆ ಅದರ ಎರಡೂ ಬಾಜೂ ನಿಂತವು ನಡುವಿನವು, ಅವುಗಳ ಆಚೆ ಬದಿಯವು, ಅದರಾಚೆ ಕೋರೆ. ಪ್ರತಿ ಹಲ್ಲಿಗೂ ಎರಡು ಅಂಕಿಯ ಹೆಸರು. ಮೊದಲನೇ ಅಂಕಿ ಬಾಯಿಯ ಯಾವ ಮೂಲೆ ಎಂದು ಹೇಳುತ್ತದೆ (ದೊಡ್ಡವರ ಹಲ್ಲಿಗೆ ಒಂದರಿಂದ ನಾಲ್ಕು, ಹಾಲುಹಲ್ಲಿಗೆ ಐದರಿಂದ ಎಂಟು), ಎರಡನೆಯದು ನಡುಗೆರೆಯಿಂದ ಎಷ್ಟನೆಯದು ಎಂದು. ಒಂದೇ ಹಲ್ಲು ನೆಲದ ಮೇಲೆ ಬಿದ್ದು ಸಿಕ್ಕರೂ ಅದು ಎಡದ್ದೋ ಬಲದ್ದೋ ಹೇಳಬಹುದು. ನಡುಗೆರೆಯ ಕಡೆಗಿನ ಮೂಲೆ ಚೂಪಾಗಿರುತ್ತದೆ, ಆಚೆಯ ಮೂಲೆ ದುಂಡಗೆ. ಕೆಳಗಿನ ನಡುವಿನ ಹಲ್ಲು ಮಾತ್ರ ಮೋಸ ಮಾಡುತ್ತದೆ. ಬಾಯಲ್ಲೆಲ್ಲ ಸಣ್ಣದು ಅದು, ಎರಡೂ ಮೂಲೆ ಒಂದೇ ಥರ. ಪರೀಕ್ಷೆಯಲ್ಲಿ ಎಲ್ಲರೂ ತಪ್ಪುವುದು ಅಲ್ಲೇ. ಮಕ್ಕಳು ನಕ್ಕರು, ಬರೆದುಕೊಂಡರು. ತನ್ನ ದನಿ ಎಲ್ಲೂ ಒಡೆಯದೆ ಓಡುತ್ತಿರುವುದನ್ನು ಕೇಳಿ ಅವಳಿಗೆ ತನ್ನ ಮೇಲೆಯೇ ಹೇಸಿಗೆ ಬಂತು.

ಎರಡನೇ ಸಾಲಿನಿಂದ ಸಮೃದ್ಧಿ ಎಂಬ ಹುಡುಗಿ ಕೈ ಎತ್ತಿದಳು. "ಮೇಡಂ, ಹಾಲುಹಲ್ಲು ಬಿದ್ದ ಮ್ಯಾಲ ಹೊಸಾದು ತಯಾರ ಆಗ್ತದೋ, ಮೊದಲ ತಯಾರ ಇರ್ತದೋ?" ಒಳ್ಳೆಯ ಪ್ರಶ್ನೆ. "ಮೊದಲ ಇರ್ತದ," ಅಂದಳು ದಾನೇಶ್ವರಿ. "ಹಾಲುಹಲ್ಲಿನ ಹಿಂದ, ಎಲುಬಿನೊಳಗ. ಕೂಸು ನಾಕೈದು ವರ್ಷದ್ದು ಇದ್ದಾಗನ ಆ ಹಲ್ಲಿನ ತಲಿ, ಅಂದ್ರ ಮ್ಯಾಲಿನ ಭಾಗ, ಪೂರಾ ಆಗಿರ್ತದ, ಪೂರಾ ಅಳತೀದು. ಹಲ್ಲು ಹೊರಗ ಬಂದ ಮ್ಯಾಲ ಬೆಳಿಯಂಗಿಲ್ಲ, ಮುಖ ಬೆಳೀತದ. ಅದಕ್ಕ ಏಳೆಂಟು ವರ್ಷದ ಹುಡುಗ್ರ ಬಾಯಾಗ ಹೊಸಾ ಹಲ್ಲು ಅಷ್ಟ ದೊಡ್ಡು ಕಾಣ್ತಾವ. ದೊಡ್ಡವರ ಹಲ್ಲದು. ಸಣ್ಣ ಮುಖದಾಗ..." ಅಲ್ಲಿಗೆ ಮಾತು ನಿಂತಿತು. ಅರವತ್ತು ಮುಖಗಳು ಅವಳನ್ನೇ ನೋಡುತ್ತಿದ್ದವು. ಹಿಂದೆ ಯಾರೋ ಪೆನ್ನು ಕೆಳಗೆ ಬೀಳಿಸಿದರು. ಪ್ಲಾಸ್ಟರಿನ ಹಲ್ಲನ್ನು ಮೇಜಿನ ಮೇಲೆ ಮೆತ್ತಗೆ ಮಲಗಿಸಿ, "ಉಳಿದದ್ದು ನಾಳೆ," ಅಂದು ಅವಳು ಹೊರಗೆ ನಡೆದಳು. ಚೀಲ ಮರೆತಿದ್ದಳು, ಸಮೃದ್ಧಿಯೇ ಓಡಿ ಬಂದು ಕೊಟ್ಟಳು. "ನಾ ಏನರ ತಪ್ಪ ಕೇಳಿದ್ನೇನ್ರಿ ಮೇಡಂ?" ಅಂತ ಆ ಹುಡುಗಿ ಅನ್ನುವಷ್ಟರಲ್ಲಿ ಇವಳು ಮೆಟ್ಟಿಲಿಳಿಯುತ್ತಿದ್ದಳು.

ಖಾನಾಪುರದ ಬಸ್ಸು ಉದ್ಯಮಬಾಗ ದಾಟುವವರೆಗೆ ನಿಂತೇ ಇದ್ದಳು. ಮಚ್ಛೆಯಲ್ಲಿ ಸೀಟು ಸಿಕ್ಕಿತು. ಪಕ್ಕದಲ್ಲಿ ಮರಾಠಿ ಹೆಂಗಸೊಬ್ಬಳು, ಅವಳ ತೊಡೆಯ ಮೇಲೆ ಎರಡು ಜಡೆಯ ಹುಡುಗಿ. ಹುಡುಗಿ ಪೇರಲ ಹಣ್ಣನ್ನು ಮುಂದಿನ ಹಲ್ಲಿನಿಂದ ಕೆರೆದು ಕೆರೆದು ತಿನ್ನುತ್ತಿದ್ದಳು. ಮೇಲಿನ ಎರಡು ನಡುಹಲ್ಲು ಆಗಷ್ಟೇ ಪೂರಾ ಇಳಿದಿದ್ದವು. ಅಂಚಿನಲ್ಲಿ ಮೂರು ಸಣ್ಣ ಗುಬ್ಬಿಗಳು, ಹೊಸ ಹಲ್ಲಿನ ಉಬ್ಬುಗಳು, ಇನ್ನೂ ಸವೆಯದೆ ಇದ್ದವು. ಆ ಗುಬ್ಬಿಗಳು ವರ್ಷೊಪ್ಪತ್ತಿನಲ್ಲಿ ಸವೆದುಹೋಗುತ್ತವೆ, ಆಮೇಲೆ ಯಾರಿಗೂ ಅವು ಇದ್ದದ್ದು ನೆನಪಿರುವುದಿಲ್ಲ. ಒಂಬತ್ತು ವರ್ಷದ ಹಿಂದಿನ ಆ ಸಂಜೆಯೂ ಅವಳು ಹಲ್ಲುಗಳನ್ನೇ ನೋಡುತ್ತಿದ್ದಳು. ಹುಬ್ಬಳ್ಳಿಯಲ್ಲಿ ಪರೀಕ್ಷೆ, ಇವಳು ಹೊರಗಿನಿಂದ ಹೋದ ಪರೀಕ್ಷಕಿ. ಮೇಜಿನ ಮೇಲೆ ಕಿತ್ತ ಹಲ್ಲುಗಳ ಸಾಲು, ಎದುರಿಗೆ ಬೆವರುವ ಹುಡುಗ. ಫೋನು ನಡುಗಿತು. ಅತ್ತೆಯ ನಂಬರು. ಆರು ವರ್ಷದ ಮಗ ಅನಿಕೇತ ಶಾಲೆಯ ಸೂಟಿಗೆಂದು ಖಾನಾಪುರಕ್ಕೆ, ಆಯಿ ಕಾಶವ್ವನ ಮನೆಗೆ ಹೋಗಿದ್ದ, ಎರಡು ಮೂರು ದಿನದಿಂದ ಸಣ್ಣ ಜ್ವರ, ಆವತ್ತು ಮುಂಜಾನೆ ಜ್ವರ ಬಿಟ್ಟಿದೆ ಎಂದಿದ್ದರು. ಅವಳು ಫೋನನ್ನು ಮಗುಚಿ ಇಟ್ಟಳು. ರಾತ್ರಿ ಊಟಕ್ಕೆ ಎಲ್ಲ ಪರೀಕ್ಷಕರೂ ಕೂಡಿ ಹೋದರು, ಯಾರೋ ಏನೋ ಜೋಕು ಹೇಳಿದರು, ಇವಳು ಕಣ್ಣಲ್ಲಿ ನೀರು ಬರುವಂತೆ ನಕ್ಕಳು. ನಾಳೆ ಮಾತಾಡಿದರಾಯಿತು ಅಂದುಕೊಂಡಳು. ನಸುಕಿಗೆ ಗೌರೀಶನ ಫೋನು ಬಂತು: ಕೂಸು ಕೈಕಾಲು ತಣ್ಣಗಾಗಿ ಬಿದ್ದಾನ, ಬೆಳಗಾವಿಗೆ ತರಾಕತ್ತೀನಿ. ಡೆಂಗಿ. ಆಸ್ಪತ್ರೆಯ ಓಣಿಯಲ್ಲಿ, ಎಲ್ಲ ಮುಗಿದ ಮೇಲೆ, ಕಾಶವ್ವ ಗೋಡೆಗೆ ಒರಗಿ ಅಂದಿದ್ದಳು, ಸಂಜಿಕ ಫೋನ ಹಚ್ಚಿದ್ವಿ, ಅಕಿ ಎತ್ತಲಿಲ್ಲ. ಗೌರೀಶ ಹೆಂಡತಿಯ ಕಡೆ ತಿರುಗಿ, ಜನರ ಮುಂದೆ, ದನಿ ಏರಿಸದೆಯೇ ಹೇಳಿದ: "ನೀ ಒಂದ ಫೋನ್ ಎತ್ತಿದ್ದರ ನನ್ನ ಮಗ ಉಳೀತಿದ್ದ." ನಮ್ಮ ಮಗ ಅನ್ನಲಿಲ್ಲ. ತಿಥಿ ಮುಗಿದ ಮೇಲೆ ಅವನು ಖಾನಾಪುರದಲ್ಲೇ, ತನ್ನ ಇಟ್ಟಂಗಿ ಭಟ್ಟಿ ನೋಡಿಕೊಂಡು ಉಳಿದ. ಇವಳು ಬೆಳಗಾವಿಯಲ್ಲಿ ಉಳಿದಳು. ಜಗಳವಿಲ್ಲ, ಕೋರ್ಟಿಲ್ಲ. ಆ ಒಂದು ಮಾತಿನ ಆಚೆ ಅವನು, ಈಚೆ ಇವಳು. "ಕಾಯ್ ಝಾಲಂ ಬಾಯೀ?" ಎಂದು ಪಕ್ಕದ ಹೆಂಗಸು ಕೇಳಿದಾಗಲೇ, ತಾನು ಆ ಹುಡುಗಿಯ ಬಾಯಿಯನ್ನು ಎಷ್ಟು ಹೊತ್ತಿನಿಂದ ದಿಟ್ಟಿಸುತ್ತಿದ್ದೇನೆ ಎಂದು ಅವಳಿಗೆ ಗೊತ್ತಾದದ್ದು. ಏನಾಯ್ತು ಎಂಬ ಆ ಪ್ರಶ್ನೆಯಲ್ಲಿ ಕನಿಕರವಿರಲಿಲ್ಲ. ದಾನೇಶ್ವರಿ ಏನೋ ಗೊಣಗಿ ಕಿಟಕಿಯ ಕಡೆ ತಿರುಗಿದಳು. ಆ ತಾಯಿ ಸೆರಗಿನಿಂದ ಮಗಳ ಬಾಯಿ ಒರೆಸಿ, ಅವಳನ್ನು ಆಚೆ ತೊಡೆಗೆ ಸರಿಸಿ ಕೂರಿಸಿಕೊಂಡಳು.

ಮಲಪ್ರಭೆಯ ದಂಡೆಗೆ ಅಂಟಿಕೊಂಡ ಹೊಲದಲ್ಲಿ ನಾಲ್ಕು ಜನ ಇದ್ದರು. ಸಂಸ್ಕಾರ ಮಾಡಿಸುವ ಅಯ್ಯನವರು ಕೊಡೆಯ ನೆರಳಲ್ಲಿ. ಕುಣಿಯೊಳಗೆ ಸೊಂಟದವರೆಗೆ ಇಳಿದು ಮಣ್ಣು ತೆಗೆಯುತ್ತಿದ್ದ ಬೀರಣ್ಣ. ದಂಡೆಯ ಮೇಲೆ ಗೌರೀಶ. ಬೇವಿನ ಬುಡದಲ್ಲಿ ಮೊಣಕಾಲು ಮಡಚಿ ಕೂತ ಕಾಶವ್ವ. ಹೊಳೆ ಎಲ್ಲೋ ಕೆಳಗೆ, ಬೇಸಿಗೆಯ ಬಡಕಲು ಹೊಳೆ, ಇದೇ ಇಷ್ಟು ನೆಲ ತಿಂದಿದೆಯೆಂದರೆ ನಂಬಿಕೆ ಬಾರದ ಹಾಗೆ ಹರಿಯುತ್ತಿತ್ತು. ಆದರೆ ದಂಡೆಯ ಸೀಳು ಕಣ್ಣೆದುರಿಗೇ ಇತ್ತು. ಗೌರೀಶನ ಕಿವಿಯ ಮೇಲಿನ ಕೂದಲು ಬೆಳ್ಳಗಾಗಿದ್ದನ್ನು ದಾನೇಶ್ವರಿ ಮೊದಲು ಕಂಡಳು, ಅವನು ಇವಳನ್ನು ಆಮೇಲೆ ಕಂಡ. "ಯಾರ ಹೇಳಿದ್ರು?" ಅಂದ. ಕೇಳುತ್ತಲೇ ತಾಯಿಯ ಕಡೆ ನೋಡಿದ. ಕಾಶವ್ವ ನೆಲ ನೋಡಿದಳು. "ಇದನ್ನೆಲ್ಲಾ ನೋಡಬಾರದು ಅಂತನ ಹೇಳಿರಲಿಲ್ಲ. ಮನಿಗೆ ಹೋಗಿ ಕುಂದರು, ಮುಗದ ಮ್ಯಾಲ ಕರೀತೀನಿ." ಅದರಲ್ಲಿ ಸಿಟ್ಟಿತ್ತೋ ಕಾಳಜಿ ಇತ್ತೋ ಅವಳಿಗೆ ತಿಳಿಯಲಿಲ್ಲ, ಅವನ ದನಿಯ ಪರಿಚಯವೇ ತಪ್ಪಿಹೋಗಿತ್ತು. "ನಾ ಇಲ್ಲೇ ಇರ್ತೀನ್ರಿ," ಅಂದಳು. ಅಯ್ಯನವರು, "ಇರ್ಲಿ ಬಿಡ್ರಿ ಗೌರೀಶಪ್ಪಾ, ಹಡದಾಕಿ," ಅಂದರು. ಅಷ್ಟು ಹೊತ್ತಿಗೆ ಬೀರಣ್ಣ ಗುದ್ದಲಿ ಬದಿಗಿಟ್ಟು, ಕೈಯಿಂದ ಮಣ್ಣು ಸರಿಸತೊಡಗಿದ್ದ. ಕೂರಿಸಿ ಮಣ್ಣು ಮಾಡಿದ ಮಗು. ಎಡ ಅಂಗೈಯಲ್ಲಿ ಲಿಂಗವಿಟ್ಟು, ಎದೆಯವರೆಗೆ ವಿಭೂತಿ ತುಂಬಿ, ನಿದ್ದೆ ಬಂದ ಹುಡುಗನ ಹಾಗೆ ತಲೆ ಒಂದು ಕಡೆ ವಾಲಿದ್ದು ಅವಳಿಗೆ ನೆನಪಿತ್ತು. ಈಗ ಹಾಗೆ ಯಾರೂ ಅಲ್ಲಿ ಕೂತಿರಲಿಲ್ಲ. ಬೆಳ್ಳಗಿನ ವಿಭೂತಿಯ ಹೆಂಟೆಗಳು, ಕರಿ ಲಿಂಗ, ಮುಟ್ಟಿದರೆ ಪುಡಿಯಾಗುವ ನಾಲ್ಕಾರು ಕಡ್ಡಿ. ಈ ಜೇಡಿಮಣ್ಣು ಎಲುಬನ್ನು ಉಳಿಸುವುದಿಲ್ಲ. "ಇಷ್ಟ ರೀ, ಸಾವಕಾರ್ರ," ಅಂದ ಬೀರಣ್ಣ, ತಾನೇ ಏನೋ ತಪ್ಪು ಮಾಡಿದವನ ಹಾಗೆ. ಗೌರೀಶ ಬಿಳೀ ಅರಿವೆ ಹಾಸಿದ. "ಆ ಮಣ್ಣ ಮುಟಿಗಿ ಮುಟಿಗಿ ತಗದು ಇದರಾಗ ಹಾಕು. ಗಂಟ ಕಟ್ಟೂಣು."

"ಹಂಗ ಕಟ್ಟಬ್ಯಾಡ್ರಿ," ಅಂದಳು ದಾನೇಶ್ವರಿ. "ಹಲ್ಲು ಇರ್ತಾವ. ಮಣ್ಣಾಗ ಹಲ್ಲು ಹೋಗಂಗಿಲ್ಲ. ಸಾಣಿಸಿ ತಗೀಬೇಕು." ಗೌರೀಶ ಅವಳತ್ತ ನೋಡಿದ ನೋಟದಲ್ಲಿ ಈ ಸಲ ಇದ್ದದ್ದು ಸಿಟ್ಟೇ. "ಇಲ್ಲೂ ಪಾಠಾ ಮಾಡಾಕ ಬಂದೀಯೇನ?" ಅಂದ. ಬೀರಣ್ಣ ತಲೆ ತಗ್ಗಿಸಿದ, ಅಯ್ಯನವರು ಹೊಳೆಯ ಕಡೆ ನೋಡಿದರು. ಅವಳ ಮುಖ ಕಿವಿಯವರೆಗೆ ಸುಟ್ಟಿತು. ಅವನು ಹೇಳಿದ್ದರಲ್ಲಿ ಸುಳ್ಳೇನಿದೆ? ಮುಂಜಾನೆ ಅದನ್ನೇ ಮಾಡಿ ಬಂದಿದ್ದಾಳೆ. ಆದರೆ ಕಾಶವ್ವ ಆಗಲೇ ಎದ್ದು, ಹೊಲದ ಮೂಲೆಯ ಮನೆಯ ಕಡೆ ನಡೆಯುತ್ತಿದ್ದಳು. ತಿರುಗಿ ಬಂದಾಗ ಕೈಯಲ್ಲಿ ಹಿಟ್ಟು ಸೋಸುವ ಸಾಣಿಗಿ ಇತ್ತು. ಜೋಳದ ಹಿಟ್ಟು ಅದರ ಅಂಚಿಗೆ ಇನ್ನೂ ಅಂಟಿಕೊಂಡಿತ್ತು. ಸೊಸೆಯ ಮುಂದೆ ಅದನ್ನು ಇಟ್ಟು, ಮಗನಿಗೆ, "ಅಕಿ ಕೈ ಹಿಡೀಬ್ಯಾಡ," ಅಂದಳು.

ದಾನೇಶ್ವರಿ ಕುಣಿಯ ಬದಿಗೆ ಕಾಲು ಮಡಚಿ ಕೂತಳು. ಬೀರಣ್ಣ ಮುಟಿಗಿ ಮುಟಿಗಿ ಮಣ್ಣು ಕೊಟ್ಟ, ಅವಳು ಉಂಡೆ ಒಡೆದು ಸಾಣಿಸಿದಳು. ಮೊದಲು ಸಿಕ್ಕದ್ದು ದವಡೆಯ ಹಾಲುಹಲ್ಲು, ಚಹಾದ ಬಣ್ಣಕ್ಕೆ ತಿರುಗಿದ್ದು. ಅರಿವೆಯ ಮೇಲೆ ಇಟ್ಟಳು. ಆಮೇಲೆ ಇನ್ನೊಂದು. ಆಮೇಲೆ ಮೇಲಿನ ನಡುವಿನ ಹಾಲುಹಲ್ಲು, ಅಕ್ಕಿಕಾಳಿಗಿಂತ ತುಸು ದೊಡ್ಡದು. ಎತ್ತಿ ಬಿಸಿಲಿಗೆ ಹಿಡಿದು ಮೂಲೆ ನೋಡಿದಳು. ಚೂಪು ಈ ಕಡೆ, ದುಂಡು ಆ ಕಡೆ. ಐದು-ಒಂದು, ಅಂದಿತು ಒಳಗಿನ ಪಾಠದ ದನಿ. ಬಲಗಡೆ. ಅದರ ಜೋಡಿ ಸಿಕ್ಕಿತು: ಆರು-ಒಂದು. ಅಂಕಿಗಳು ತಾವಾಗಿ ಬರುತ್ತಿದ್ದವು, ಅವಳು ತಡೆಯಲಿಲ್ಲ. ಬಿಳೀ ಅರಿವೆಯ ಮೇಲೆ ಬಾಯಿಯ ಕಮಾನಿನ ಹಾಗೆ ಒಂದೊಂದನ್ನೂ ಅದರ ಜಾಗದಲ್ಲಿ ಇಡುತ್ತ ಹೋದಳು. ಈ ಎರಡರ ನಡುವೆ ನೂಲೆಳೆಯಷ್ಟು ಸಂದಿ ಬಿಡಬೇಕು, ಅವನಿಗೆ ಸಂದಿ ಇತ್ತು. ಹಾಲು ಕುಡಿಯುವಾಗ ಇವೆರಡೇ ಮೊದಲು ಮೂಡಿದ್ದವು, ಮೊಲೆ ಕಚ್ಚಿ ಇವಳ ಕಣ್ಣಲ್ಲಿ ನೀರು ತರಿಸಿ, ತಾನೇ ನಕ್ಕಿದ್ದ. ಇಲ್ಲ, ಮೊದಲು ಮೂಡಿದವು ಕೆಳಗಿನವು. ಹಲ್ಲಿನ ಪಾಠ ಹೇಳುವವಳಿಗೆ ಮಗನ ಮೊದಲ ಹಲ್ಲು ಯಾವುದೆಂಬುದೇ ತಪ್ಪಿತು.

ಆಮೇಲೆ ಸಾಣಿಗಿಯಲ್ಲಿ ಬೇರೆ ಥರದ ಒಂದು ಹಲ್ಲು ಉಳಿಯಿತು. ಅಗಲ. ಹಾಲುಹಲ್ಲಿನ ಪಕ್ಕದಲ್ಲಿ ರಾಕ್ಷಸನ ಹಾಗೆ ಕಾಣುವಂಥದ್ದು. ಅಂಚಿನಲ್ಲಿ ಮೂರು ಗುಬ್ಬಿ, ಒಂದು ಸಲವೂ ಏನನ್ನೂ ಕಚ್ಚದ್ದಕ್ಕೆ ಹೊಸದಾಗಿಯೇ ಉಳಿದವು. ಕೆಳಗೆ ಬೇರು ಅರ್ಧಕ್ಕೆ ನಿಂತು, ಒಳಗೆ ಗಂಟೆಯ ಹಾಗೆ ಟೊಳ್ಳು. ಟೊಳ್ಳಿನಲ್ಲಿ ಮಣ್ಣು ತುಂಬಿತ್ತು. ಅವಳು ಬೇವಿನ ಕಡ್ಡಿಯಿಂದ ಮಣ್ಣು ತೆಗೆದಳು. ಗೌರೀಶ ಎಷ್ಟು ಹೊತ್ತಿಗೆ ಹತ್ತಿರ ಬಂದು ಕುಕ್ಕರುಗಾಲಲ್ಲಿ ಕೂತಿದ್ದನೋ.

"ಇದು ಅವಂದಲ್ಲ," ಅಂದ. "ಇಷ್ಟ ದೊಡ್ಡದು ಹೆಂಗ ಅವಂದು? ದೊಡ್ಡ ಮನಷ್ಯಾಂದಿದು. ಹಳೇದ್ಯಾರದೋ ಕುಣಿ ಇರಬೇಕಿಲ್ಲಿ."

"ಅವಂದ ರೀ."

"ಆರ ವರ್ಷದ ಹುಡುಗಂದೂ?"

"ಮುಂದ ಬರೂವು. ಒಳಗ ತಯಾರಾಗಿ ಕುಂತಿರ್ತಾವ."

"ಯಾವಾಗ ಬರೂವು?"

ಅವನು ಕೈ ಚಾಚಿದ, ಅವಳು ಕೊಟ್ಟಳು. ಇಟ್ಟಂಗಿ ಹೊತ್ತು ಒರಟಾದ ಅಂಗೈಯ ನಡುವೆ ಆ ಹಲ್ಲನ್ನಿಟ್ಟುಕೊಂಡು ಅವನು ಬಹಳ ಹೊತ್ತು ನೋಡಿದ. ಆಮೇಲೆ ಮೆಲ್ಲಗೆ, ಯಾರೂ ನೋಡುತ್ತಿಲ್ಲ ಎಂಬಂತೆ, ಇನ್ನೊಂದು ಕೈಯ ಹೆಬ್ಬೆರಳಿನಿಂದ ತನ್ನ ಮೇಲಿನ ಮುಂದಿನ ಹಲ್ಲನ್ನು ಮುಟ್ಟಿ ಅಳತೆ ನೋಡಿಕೊಂಡ. ಅಷ್ಟೇ ಅಗಲ. ಇವಳಿಗೆ ಆಗ ಕಂಡಿತು: ಇದು ಆರು ವರ್ಷದವನ ಹಲ್ಲಲ್ಲ. ಹದಿನೈದು ವರ್ಷದ, ಬದುಕಿದ್ದರೆ ಈಗ ಮೀಸೆ ಚಿಗುರುತ್ತಿದ್ದ ಅನಿಕೇತನ ಹಲ್ಲು. ಲಗ್ನದ ಫೋಟೋದಲ್ಲಿ ನಗಬೇಕಾಗಿದ್ದವನ ಹಲ್ಲು. ಇವರಿಬ್ಬರೂ ಹೋದ ಮೇಲೆ ಮುದುಕನಾಗಿ ಕಬ್ಬು ಸಿಗಿಯಲಾರದೆ ಬೈದುಕೊಳ್ಳುವವನ ಹಲ್ಲು. ಎಲ್ಲ ಇಲ್ಲಿ ಇದ್ದವು. ಒಳಗೇ ಕೂತು ಕಾದಿದ್ದವು. ಅವಳು ಮತ್ತೆ ಸಾಣಿಸತೊಡಗಿದಳು, ಈಗ ಅಂಕಿಗಳು ಬರಲಿಲ್ಲ. ಹಾಲುಹಲ್ಲುಗಳ ಹಿಂದೆ, ಎರಡನೇ ಕಮಾನಿನಲ್ಲಿ, ದೊಡ್ಡವು ಒಂದೊಂದಾಗಿ ಕೂತವು. ಕೆಳಗಿನ ನಡುವಿನ ಎರಡನ್ನು ಎಡ ಯಾವುದು ಬಲ ಯಾವುದು ಎಂದು ಎಷ್ಟು ತಿರುಗಿಸಿದರೂ ಹೇಳಲಾಗಲಿಲ್ಲ. ಒಂದನ್ನು ಈ ಕಡೆ ಇಟ್ಟಳು, ತೆಗೆದು ಆ ಕಡೆ ಇಟ್ಟಳು, ಮತ್ತೆ ತೆಗೆದಳು. ಗೌರೀಶನೇ ಅವಳ ಮುಂಗೈ ಹಿಡಿದು, "ಇರ್ಲಿ ಬಿಡು, ಯಾವದರ ಇರ್ಲಿ," ಅಂದ.

ಮಣ್ಣೆಲ್ಲ ಮುಗಿಯಿತು. ಅರಿವೆಯ ಮೇಲೆ ಮುಂದಿನ ಹಾಲುಹಲ್ಲು ಎಂಟು ಇರಬೇಕಾದಲ್ಲಿ ಏಳೇ ಇದ್ದವು. ಕೆಳಗಿನ ನಡುವಿನದೊಂದು ಇರಲಿಲ್ಲ. ಬೀರಣ್ಣ ತಳದ ಮಣ್ಣನ್ನು ಇನ್ನೊಂದು ಸಲ ಕೆದರಿ ಕೊಟ್ಟ, ಅವಳು ಮತ್ತೆ ಸಾಣಿಸಿದಳು, ಸಾಣಿಸಿದ ಮಣ್ಣನ್ನೇ ಬೆರಳಿನಿಂದ ಹರಡಿ ಹುಡುಕಿದಳು. "ಒಂದ ಹಲ್ಲಿಗ್ಯಾಕ ಇಷ್ಟ ತ್ರಾಸ ರೀ ಯವ್ವಾ," ಅಂದ ಬೀರಣ್ಣ. ಬಿಸಿಲು ನೆತ್ತಿಗೆ ಬಂದಿತ್ತು. ಅಯ್ಯನವರು ಹೊತ್ತಾಯಿತೆಂದು ಕೆಮ್ಮಿದರು. ಆದರೆ ಒಂದನ್ನು ಬಿಟ್ಟು ಹೋದರೆ ಮಗನ ಅಷ್ಟು ಭಾಗವನ್ನು ಹೊಳೆಗೆ ಕೊಟ್ಟ ಹಾಗೆ ಎಂದು ಅವಳಿಗೆ ಹಟ ಹುಟ್ಟಿತು. ಎತ್ತದೆ ಬಿಟ್ಟದ್ದು ಒಂದು ಸಲ ಸಾಕು. ಕುಣಿಗೆ ತಾನೇ ಇಳಿಯಲು ಎದ್ದಳು.

"ಅದು ಸಿಗಂಗಿಲ್ಲವಾ," ಅಂದಳು ಕಾಶವ್ವ ಬೇವಿನ ಬುಡದಿಂದ. "ಅದು ಅಲ್ಲಿಲ್ಲ."

ಎಲ್ಲರೂ ತಿರುಗಿದರು. ಮುದುಕಿ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. ತೆಗೆದಳು, ಮತ್ತೆ ಒತ್ತಿಕೊಂಡಳು. "ಅದನ್ನ ಮನಿ ಹಂಚಿನ ಮ್ಯಾಲ ಒಗದೇನಿ ನಾ. ಆವತ್ತ ಸಂಜಿಕ ಕಿತ್ತ ಬಂತದು. ಅಲಗಾಡಾಕತ್ತಿತ್ತಲಾ, ನೀ ಫೋನಿನಾಗ ಹೇಳಿದ್ದಿ, ಮುಟ್ಟಬ್ಯಾಡ, ನಾ ಬಂದ ತಗೀತೀನಿ ಅಂತ. ಅಂವಾ ಕೇಳಲಿಲ್ಲ. ಆಯೀ ದಾರಾ ಕಟ್ಟು, ದಾರಾ ಕಟ್ಟು ಅಂತ ಬೆನ್ನ ಬಿದ್ದ. ಜ್ವರಾ ಬಿಟ್ಟಿತ್ತು, ಗೆಲುವಾಗಿದ್ದ, ನನಗೂ ಖುಷಿ. ಕಟ್ಟಿದೆ. ಎಳದೆ. ರಾತ್ರಿಗಿ ಬಾಯಾಗ ರಕ್ತ ಬಂತು, ಅದ ಜಾಗಾದಾಗ. ನಿಲ್ಲಲಿಲ್ಲ. ನಸಿಕಿನ್ಯಾಗ ಕೂಸು ತಣ್ಣಗಾತು." ಉಸಿರು ಎಳೆದುಕೊಂಡಳು. "ಹಲ್ಲಿನ ಡಾಕ್ಟರ ಮಗಾ. ನನ್ನ ಕೈಯಾಗ ಹಲ್ಲ ಕಿತ್ತು ಸತ್ತ. ಹೆಂಗ ಹೇಳ್ಲಿ ನಿನಗ? ಯಾರಿಗೆ ಹೇಳ್ಲಿ?"

ದಾನೇಶ್ವರಿ ಕುಣಿಯ ಬದಿಗೆ ನಿಂತೇ ಇದ್ದಳು. ಆಸ್ಪತ್ರೆಯಲ್ಲಿ ಅವಳು ಮಗನ ನಾಡಿ ನೋಡಿದ್ದಳು, ರಕ್ತದ ರಿಪೋರ್ಟು ನೋಡಿದ್ದಳು, ನಳಿಕೆ, ಪಟ್ಟಿ, ಮಶೀನಿನ ಹಸಿರು ಗೆರೆ ನೋಡಿದ್ದಳು. ಬಾಯಿ ನೋಡಿರಲಿಲ್ಲ. ನೂರಾರು ಬಾಯಿ ನೋಡಿದವಳು ಆ ಒಂದು ತುಟಿ ಸರಿಸಿ ನೋಡಿರಲಿಲ್ಲ. ಮಗ ಒಂದು ಹಲ್ಲು ಕಡಿಮೆಯಾಗಿ ಹೋದದ್ದು ತನಗೆ ಇವತ್ತಿನವರೆಗೆ ಗೊತ್ತಿರಲಿಲ್ಲ. ಆದರೆ ಕೇಳಿದ್ದು ಬೇರೆಯೇ ಮಾತು. "ಸಂಜಿಕ ಫೋನ ಹಚ್ಚಿದ್ರಲ್ಲಾ ಅತ್ತಿ. ಯಾಕ ಹಚ್ಚಿದ್ರಿ?"

"ಅಂವನ ಹಚ್ಚಸಿದ. ಹಲ್ಲ ಬಿತ್ತು ಅಂತ ಮಮ್ಮಿಗೆ ಹೇಳ್ತೀನಿ ಅಂತ."

"ಮೈ ಆರಾಮ ಇಲ್ಲ ಅಂತ ಅಲ್ಲ?"

"ಆವಾಗ ಎಲ್ಲಿ ಆರಾಮ ಇರಲಿಲ್ಲ? ಅಂಗಳದಾಗ ಕುಣೀತಿದ್ದ. ನೀ ಎತ್ತಲಿಲ್ಲ, ಮಮ್ಮೀಗಿ ಕೆಲಸ ಇರಬೇಕು, ಬಂದಾಗ ತೋರಸ್ತೀನಿ ಅಂದ."

ಗೌರೀಶ ನೆಲಕ್ಕೆ ಕೂತುಬಿಟ್ಟ. ಅಂಗೈಯಲ್ಲಿ ಆ ದೊಡ್ಡ ಹಲ್ಲು ಇನ್ನೂ ಇತ್ತು. "ಯವ್ವಾ," ಅಂದ. ಆವತ್ತು ಇಟ್ಟಂಗಿ ಲೋಡು ತೆಗೆದುಕೊಂಡು ಗುಂಜಿಗೆ ಹೋಗಿದ್ದವನು ಅವನು. ಮನೆ ಮುಟ್ಟಿದ್ದು ಸರಿರಾತ್ರಿ. ಮಲಗಿದ ಮಗನ ಹಣೆ ಮುಟ್ಟಿ ನೋಡಿ, ತಣ್ಣಗಿದೆ, ಜ್ವರ ಬಿಟ್ಟಿದೆ ಎಂದುಕೊಂಡು ತಾನೂ ಮಲಗಿದ್ದ. ಅದನ್ನು ಅವನು ಒಂದು ಸಲ ಮಾತ್ರ, ಯಾರಿಗೋ ಹೇಳುವುದನ್ನು ಇವಳು ಕೇಳಿದ್ದಳು. ಈಗ ಅವನು ಹೆಂಡತಿಯ ಮುಖ ನೋಡಲು ತಲೆ ಎತ್ತಿದ, ಆಗಲಿಲ್ಲ, ತಗ್ಗಿಸಿದ. "ಮಂದಿ ಮುಂದ ಅಂದೆ ನಾ ನಿನಗ," ಅಂದ ಮಣ್ಣಿಗೆ.

ಸಿಟ್ಟು ಬರಬೇಕಿತ್ತು. ದಾನೇಶ್ವರಿ ಅದಕ್ಕಾಗಿ ಕಾದಳು. ಈ ಮುದುಕಿ ಬಾಯಿ ಬಿಟ್ಟಿದ್ದರೆ ಆ ಮಾತು ಇರುತ್ತಿರಲಿಲ್ಲ, ಆ ಮಾತಿನ ಎರಡು ಬದಿಗೆ ಎರಡು ಊರಿನ ಎರಡು ಮನೆ ಇರುತ್ತಿರಲಿಲ್ಲ. ಸದಾಶಿವನಗರದ ಆ ಅಡುಗೆಮನೆ, ಒಬ್ಬಳಿಗೇ ಮಾಡಿಕೊಂಡು ಒಬ್ಬಳೇ ಚೆಲ್ಲುವ ಚಹಾ. ಸಿಟ್ಟು ಬಂತು ಕೂಡ, ಎದೆಯವರೆಗೆ ಏರಿತು. ಬೇವಿನ ಬುಡದಲ್ಲಿ ಕಾಶವ್ವ ಹೊಡೆತಕ್ಕೆ ಕಾದ ಹಾಗೆ ಹೆಗಲು ಕುಗ್ಗಿಸಿ ಕೂತಿದ್ದಳು. ಅವಳೂ ಇಷ್ಟು ವರ್ಷ, ಹಗಲೂ ರಾತ್ರಿ, ಒಂದು ದಾರ ಎಳೆಯುತ್ತಲೇ ಇದ್ದಳೆಂದು ದಾನೇಶ್ವರಿಗೆ ಅನ್ನಿಸಿತು. ಹತ್ತಿರ ಹೋಗಿ ಮುದುಕಿಯ ಎದುರಿಗೆ ಮೊಣಕಾಲೂರಿದಳು.

"ಅತ್ತಿ, ನನ್ನ ಕಡೆ ನೋಡ್ರಿ. ಹಲ್ಲು ಕಿತ್ತಿದ್ದಕ್ಕ ಯಾರೂ ಸಾಯಂಗಿಲ್ಲ. ಬೀಳೂ ಹಲ್ಲು ಅದು, ತಾನ ಬೀಳ್ತಿತ್ತು. ರಕ್ತ ಆ ಬ್ಯಾನೀದು. ಡೆಂಗಿಯೊಳ್ಗ ಜ್ವರ ಬಿಟ್ಟ ಮ್ಯಾಲನ ಹಂಗ ಆಗ್ತದ. ಹಲ್ಲ ಇದ್ದಿದ್ದರ ಮೂಗಿನ್ಯಾಗ ಬರ್ತಿತ್ತು. ನೀವು ಏನೂ ಮಾಡಿಲ್ಲ."

"ಖರೇ?"

"ಖರೇನ ರೀ."

"ನನ್ನ ಸಮಾಧಾನಕ್ಕ ಹೇಳಬ್ಯಾಡವಾ."

"ನಾ ಇದನ್ನ ಕಲತಾಕಿ ಅತ್ತಿ. ಖರೇನ."

ಕಾಶವ್ವ ಅವಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದು, ಕಣ್ಣಲ್ಲಿ ಸುಳ್ಳಿದೆಯೇ ಎಂದು ಹುಡುಕಿದಳು. ಆಮೇಲೆ ಅವಳ ಮೈ ಸಡಿಲಾಯಿತು. ಅಳಲಿಲ್ಲ, ಬರೇ ದೊಡ್ಡದಾಗಿ ಉಸಿರು ಬಿಟ್ಟಳು. ಮೇಲಿನ ಹೊಲದಲ್ಲಿ ಹೊಸ ಕುಣಿಯ ಹತ್ತಿರ ಅಯ್ಯನವರು ಕರೆಯುತ್ತಿದ್ದರು. ಗೌರೀಶ ಲಿಂಗವನ್ನೂ ತನ್ನ ಅಂಗೈಯಲ್ಲಿದ್ದ ಹಲ್ಲನ್ನೂ ಅರಿವೆಯಲ್ಲಿಟ್ಟು, ಅದರ ನಾಲ್ಕೂ ಮೂಲೆ ಕೂಡಿಸಿ ಗಂಟು ಹಾಕಿದ. ಅದನ್ನು ತಾನೇ ಹೊರದೆ, ಹೆಂಡತಿಯ ಕೈಯಲ್ಲಿಟ್ಟ. ಹೊಳೆಯ ದಂಡೆಯಿಂದ ಮೇಲಕ್ಕೆ ಇಬ್ಬರೂ ಜೊತೆಗೆ ನಡೆದರು. ಭಾರವೇ ಇರಲಿಲ್ಲ ಅದು. ವಿಭೂತಿ ಹಾಕಿದರು, ಬಿಲ್ವಪತ್ರೆ ಹಾಕಿದರು. ಮೊದಲ ಮೂರು ಹಿಡಿ ಮಣ್ಣನ್ನು ಕೂಡಿಯೇ ಹಾಕಿದರು. ಬೀರಣ್ಣ ಉಳಿದದ್ದನ್ನು ಮುಚ್ಚಿ, ಮೇಲೆ ಕಲ್ಲು ಹೇರಿದ. ಎಲ್ಲ ಬೇಗ ಮುಗಿಯಿತು.

ಆಮೇಲೆ ಮೂವರೂ ಹೊಲದ ಮನೆಯ ಕಟ್ಟೆಯ ಮೇಲೆ ಕೂತರು. ಹಂಚು ತೆಗೆದು ಸ್ಲ್ಯಾಬು ಹಾಕಿದ ಮನೆ ಅದು ಈಗ; ಹಳೇ ಹಂಚು ಎಲ್ಲಿ ಹೋದವೆಂದು ದಾನೇಶ್ವರಿ ಕೇಳಲಿಲ್ಲ. ಗೌರೀಶ ತಂಬಿಗೆಯಲ್ಲಿ ನೀರು ತಂದು ಮೊದಲು ಅವಳಿಗೆ ಕೊಟ್ಟ. "ಹಲ್ಲ ಬಿದ್ದ ಮ್ಯಾಲ ಹೆಂಗ ಕಾಣತಿದ್ದ?" ಅಂತ ಕೇಳಿದ್ದು ಅವಳೋ ಅವನೋ ತಿಳಿಯಲಿಲ್ಲ; ಇಬ್ಬರೂ ಅದನ್ನೇ ಕೇಳಬೇಕೆಂದಿದ್ದರು, ಇಬ್ಬರಲ್ಲಿ ಯಾರೂ ಆ ಬಾಯಿಯನ್ನು ನೋಡಿರಲಿಲ್ಲ.

ಕಾಶವ್ವ ತಲೆ ಎತ್ತಿದಳು. "ಏನ ಹೇಳ್ಲಿ ಆ ಖೋಡಿದು. ಕನ್ನಡಿ ಮುಂದಿಂದ ಸರೀವಲ್ಲ. ನಾಲಿಗಿ ಚುಂಚ ಆ ಸಂದಿಯೊಳ್ಗ ಹಾಕಿ, ಒಳಗ ತಗೊಂಡು, ಮತ್ತ ಹಾಕಿ... ಹಿಂಗ." ಅವಳ ಕೆಳಗಿನ ಮುಂದಿನ ಹಲ್ಲುಗಳು ಯಾವಾಗಲೋ ಬಿದ್ದುಹೋಗಿದ್ದವು. ಆ ಬೋಳು ವಸಡಿನ ನಡುವಿನಿಂದ ನಾಲಿಗೆಯ ತುದಿಯನ್ನು ಸಟ್ಟನೆ ಹೊರಗೆ ಹಾಕಿದಳು, ಒಳಗೆ ಎಳೆದುಕೊಂಡಳು. ಹುಬ್ಬು ಮೇಲೇರಿಸಿ, ಕಳ್ಳ ಹುಡುಗನ ಹಾಗೆ ಕಣ್ಣರಳಿಸಿದಳು. ಸುಕ್ಕುಬಿದ್ದ ಆ ಮುಖದಲ್ಲಿ ಒಂದು ಗಳಿಗೆ, ಒಂದೇ ಗಳಿಗೆ, ಅವನು ಬಂದು ಹೋದ.

ಗೌರೀಶ ನಗಲು ಬಾಯಿ ತೆರೆದ; ಹೊರಗೆ ಬಂದದ್ದು ನಗೆಯಲ್ಲ. ಅವನು ಕಟ್ಟೆಯ ಕಂಬಕ್ಕೆ ಹಣೆ ಒತ್ತಿ, ಹೆಗಲು ಅಲುಗುವಂತೆ ಅಳತೊಡಗಿದ. ದಾನೇಶ್ವರಿ ಒಂದು ಕೈಯನ್ನು ಅವನ ಬೆನ್ನ ಮೇಲಿಟ್ಟಳು. ಕಣ್ಣನ್ನು ಮಾತ್ರ ಮುದುಕಿಯ ಬಾಯಿಯಿಂದ ಕೀಳಲಿಲ್ಲ.

"ಇನ್ನೊಮ್ಮೆ ತೋರಸ್ರಿ ಅತ್ತಿ," ಅಂದಳು.